ಬಂಡಿಯ ಅಚ್ಚು ಮತ್ತು ಊರಿನ ಒರತೆ

(ಬೀದರ, ಭಾಲ್ಕಿ, ಔರಾದ ಪ್ರದೇಶವನ್ನು ನಿದರ್ಶನವಾಗಿಟ್ಟುಕೊಂಡು ನೀಡಿದ ಉಪನ್ಯಾಸದ ಪಠ್ಯ)



ಪರಿಸರಕ್ಕೆ ಸಂಬಂಧಿಸಿದ ಸಭೆಯಲ್ಲಿ ವಾಹನ ದುರಸ್ತಿಯ ವಿಷಯವೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಅಣೆಕಟ್ಟು, ಗಣಿಗಾರಿಕೆ, ಕಾಡಿನ ನಾಶ ಮುಂತಾದ ದೊಡ್ಡ ಸಂಗತಿಗಳು ನಮ್ಮ ವೇದಿಕೆಗಳಲ್ಲಿ ಮತ್ತೆ ಮತ್ತೆ ಚರ್ಚೆಗೆ ಬರುತ್ತವೆ. ಅಂಗಳದಲ್ಲಿ ನಿಂತ ಜೀಪಿನ ಹಿಂಬದಿಯ ಅಡಿಯಲ್ಲಿ ಮೂಡಿದ ಕಪ್ಪು ಕಲೆ ಮಾತ್ರ ಚರ್ಚೆಗೆ ಬರುವುದಿಲ್ಲ. ಅದನ್ನು ಕಂಡವರು ‘ಹಳೆಯ ಗಾಡಿ, ಸ್ವಲ್ಪ ಆಯಿಲ್ ಸೋರುತ್ತದೆ’ ಎಂದು ಸುಮ್ಮನಾಗುತ್ತಾರೆ. ಆ ಕಲೆಯಲ್ಲಿ ಎರಡು ಅಪಾಯಗಳು ಅಡಗಿವೆ. ಸೋರಿದ ಎಣ್ಣೆ ಬ್ರೇಕಿನೊಳಗೆ ಹೋದರೆ ಮನುಷ್ಯರ ಪ್ರಾಣಕ್ಕೆ ಕುತ್ತು. ನೆಲದೊಳಗೆ ಇಳಿದರೆ ಊರಿನ ನೀರಿಗೆ ಕೇಡು. ಇವೆರಡನ್ನೂ ತಡೆಯುವ ಕೆಲಸದ ದೊಡ್ಡ ಪಾಲನ್ನು ಮನೆಯಂಗಳದಲ್ಲಿಯೇ, ಸಾಮಾನ್ಯ ಉಪಕರಣಗಳಿಂದಲೇ ಮಾಡಬಹುದು ಎಂಬುದನ್ನು ತಿಳಿಸುವುದು ಈ ಉಪನ್ಯಾಸದ ಉದ್ದೇಶ.

ಜಂಬಿಟ್ಟಿಗೆಯ ನೆಲ, ಎರೆಯ ನೆಲ

ನಿದರ್ಶನಕ್ಕೆ ರಾಜ್ಯದ ಉತ್ತರ ತುದಿಯ ಬೀದರ ಜಿಲ್ಲೆಯನ್ನು ಆರಿಸಿಕೊಳ್ಳಲು ಕಾರಣವಿದೆ. ಬೀದರ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ ನಿಂತಿದೆ. ಮಲೆನಾಡಿನವರೂ ಕರಾವಳಿಯವರೂ ಚಿರೆಕಲ್ಲು, ಮುರಕಲ್ಲು ಎಂದು ಕರೆಯುವ ಕಲ್ಲು ಇದೇ. ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದಾಗ ಕೋಟೆಯ ಕಂದಕವನ್ನು ಈ ಕಲ್ಲಿನಲ್ಲಿಯೇ ಕಡಿದರು. ಈ ಕಲ್ಲು ರಂಧ್ರಮಯವಾದುದು. ಮಳೆಯ ನೀರು ಇದರ ಮೂಲಕ ಬಸಿದು ಕೆಳಗೆ ಇಳಿಯುತ್ತದೆ. ಅಡಿಯಲ್ಲಿರುವ ಗಟ್ಟಿಯಾದ ಕಪ್ಪು ಬಸಾಲ್ಟ್ ಶಿಲೆಯನ್ನು ಮುಟ್ಟಿದಾಗ ಕೆಳಗಿಳಿಯಲಾರದೆ ಪಕ್ಕಕ್ಕೆ ಹರಿಯುತ್ತದೆ. ಎರಡು ಶಿಲೆಗಳು ಸೇರುವ ಎಡೆಯಲ್ಲಿ ಒರತೆಯಾಗಿ ಹೊರಬೀಳುತ್ತದೆ.

ಬೀದರಿನ ಪುಣ್ಯಸ್ಥಳಗಳ ಹೆಸರಿನಲ್ಲಿಯೇ ಒರತೆಯ ನೆನಪಿದೆ. ಗುರುನಾನಕ್ ಝೀರಾ, ಝರಣಿ ನರಸಿಂಹ ಎಂಬ ಹೆಸರುಗಳಲ್ಲಿ ಬರುವ ಝೀರಾ, ಝರಣಿ ಎಂಬ ಮಾತುಗಳಿಗೆ ಅರ್ಥ ಝರಿ ಎಂದೇ. ಝರಣಿಯ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದೇವರ ಸನ್ನಿಧಿಯನ್ನು ಸೇರುತ್ತಾರೆ. ನೌಬಾದಿನ ಸುರಂಗ ಬಾವಿಯೂ ಈ ಒರತೆಯನ್ನೇ ನಂಬಿದೆ. ಕಾರೇಜ್ ಎಂದು ಕರೆಯಲಾಗುವ, ಪರ್ಷಿಯಾದಿಂದ ಬಂದ ಈ ವಿಧಾನದಲ್ಲಿ ನೆಲದಡಿಯ ಸುರಂಗವೊಂದು ಇಳಿಜಾರಿನಲ್ಲಿ ಸಾಗುತ್ತ ಬಸಿದ ನೀರನ್ನು ಒಟ್ಟುಗೂಡಿಸುತ್ತದೆ. ಅದರ ಉದ್ದಕ್ಕೂ ಮೇಲಿನಿಂದ ಬಾವಿಗಳಂತಹ ಕಂಡಿಗಳಿರುತ್ತವೆ. 2010ರ ದಶಕದಲ್ಲಿ ಇದರ ಹೂಳೆತ್ತುವ ಕಾರ್ಯ ನಡೆದಾಗ ಇಂತಹದೊಂದು ಜಲಮಾರ್ಗ ತಮ್ಮ ಊರಿನಡಿಯಲ್ಲಿದೆ ಎಂದು ಅನೇಕರಿಗೆ ಮನವರಿಕೆಯಾಯಿತು. ನೀರನ್ನು ಕೆಳಗಿಳಿಯಗೊಡುವ ರಂಧ್ರಗಳು ಎಣ್ಣೆಯನ್ನೂ ಕೆಳಗಿಳಿಯಗೊಡುತ್ತವೆ. ಕಲ್ಲಿಗೆ ಆಯ್ಕೆಯ ಶಕ್ತಿಯಿಲ್ಲ.

ಭಾಲ್ಕಿ, ಔರಾದ ತಾಲ್ಲೂಕುಗಳ ನೆಲದ ಗುಣ ಬೇರೆ. ಇಲ್ಲಿ ಹೆಚ್ಚಿನದು ಎರೆಭೂಮಿ. ತೊಗರಿ, ಸೋಯಾಬೀನ್, ಉದ್ದು, ಜೋಳದ ನಾಡು. ಭಾಲ್ಕಿ ತಾಲ್ಲೂಕಿನಲ್ಲಿ ಕಾರಂಜಾ ಜಲಾಶಯವಿದೆ. ಕಾರಂಜಾ ಮಾಂಜ್ರಾ ನದಿಗೆ ಸೇರುತ್ತದೆ, ಮಾಂಜ್ರಾ ಗೋದಾವರಿಗೆ ಸೇರುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ನೀರನ್ನು ಸುಲಭವಾಗಿ ಬಿಡದು ಎಂಬುದು ನಿಜ. ಆದರೆ ಬೇಸಿಗೆಯಲ್ಲಿ ಅದು ಆಳವಾಗಿ ಬಿರಿಯುತ್ತದೆ. ಮೇಲೆ ಬಿದ್ದ ಎಣ್ಣೆಗೆ ಆ ಬಿರುಕುಗಳೇ ದಾರಿ.

ಮಲೆನಾಡಿನ ಕೇಳುಗರು ಇದನ್ನು ದೂರದ ಕಥೆಯೆಂದು ಭಾವಿಸಬಾರದು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಕೃಷಿಕರು ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗಗಳು ಇಂದಿಗೂ ಮನೆಗೂ ತೋಟಕ್ಕೂ ನೀರುಣಿಸುತ್ತಿವೆ. ಗುಡ್ಡದ ನೆತ್ತಿಯಲ್ಲಿ ಮನೆ, ಅಂಗಳದಲ್ಲಿ ಜೀಪು, ಕೆಳಗೆ ಒರತೆ: ಇದು ಮಲೆನಾಡಿನ ಸಾಮಾನ್ಯ ಚಿತ್ರ.

ಕೀಲೆಣ್ಣೆಯಿಂದ ಗೇರ್ ಆಯಿಲ್‌ವರೆಗೆ

ಅಚ್ಚಿಗೆ ಎಣ್ಣೆ ಬೇಕೆಂಬುದು ಹೊಸ ಜ್ಞಾನವಲ್ಲ. ಎತ್ತಿನ ಬಂಡಿಯ ಕಾಲದಲ್ಲಿ ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿಯನ್ನು ಬೆರೆಸಿ ಕೀಲೆಣ್ಣೆ ಮಾಡುತ್ತಿದ್ದರು. ಬೀದರಿನ ಸೀಮೆಯ ದೇವಣಿ ಎತ್ತುಗಳು ಎಳೆದ ಬಂಡಿಗಳ ಅಚ್ಚಿನಿಂದಲೂ ಎಣ್ಣೆ ನೆಲಕ್ಕೆ ಬಿದ್ದಿದೆ. ಅದು ಸಸ್ಯಜನ್ಯವಾದ ಎಣ್ಣೆ. ಮಣ್ಣಿನ ಸೂಕ್ಷ್ಮಜೀವಿಗಳು ಬಹುಬೇಗ ಅದನ್ನು ಅರಗಿಸಿಕೊಳ್ಳುತ್ತಿದ್ದವು. ಇಂದಿನ ಗೇರ್ ಆಯಿಲ್ ಖನಿಜತೈಲ. ಭಾರಿ ಒತ್ತಡದಲ್ಲಿ ಹಲ್ಲುಗಳು ಸವೆಯದಂತೆ ಅದಕ್ಕೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಬಳಸಿದ ಎಣ್ಣೆಯಲ್ಲಿ ಲೋಹದ ಸೂಕ್ಷ್ಮ ಪುಡಿಯೂ ಸೇರಿರುತ್ತದೆ.

ಇಂತಹ ಎಣ್ಣೆ ಮಣ್ಣಿನ ಕಣಗಳಿಗೆ ಲೇಪವಾಗಿ ಅಂಟಿಕೊಂಡರೆ ಆ ಮಣ್ಣು ನೀರನ್ನು ಹೀರುವ ಗುಣ ಕಳೆದುಕೊಳ್ಳುತ್ತದೆ. ಬೀಜಕ್ಕೆ ತೇವ ದೊರೆಯದು, ಬೇರಿಗೆ ಗಾಳಿ ದೊರೆಯದು. ಎಣ್ಣೆಯನ್ನು ನಿಧಾನವಾಗಿ ಒಡೆಯುವ ಸೂಕ್ಷ್ಮಜೀವಿಗಳು ಆ ಕಾರ್ಯಕ್ಕಾಗಿ ಮಣ್ಣಿನಲ್ಲಿರುವ ಸಾರಜನಕವನ್ನೇ ಬಳಸಿಕೊಳ್ಳುವುದರಿಂದ ಬೆಳೆಯ ಪಾಲಿಗೆ ಅದು ಕಡಿಮೆಯಾಗುತ್ತದೆ. ನೀರಿನ ವಿಷಯದಲ್ಲಿ ಪರಿಣಾಮ ಇನ್ನೂ ತೀವ್ರ. ಒಂದು ಬಾರಿ ಬದಲಿಸಿದ ಎಂಜಿನ್ ಎಣ್ಣೆಯು ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತ ಬಂದಿದೆ.

ಹನಿಯ ಲೆಕ್ಕವನ್ನು ವಿದ್ಯಾರ್ಥಿಗಳೇ ಹಾಕಿ ನೋಡಬಹುದು. ಸ್ಥೂಲವಾಗಿ 25 ಹನಿಗೆ ಒಂದು ಮಿಲಿಲೀಟರ್ ಎಂದುಕೊಳ್ಳೋಣ. ನಿಮಿಷಕ್ಕೆ ಒಂದು ಹನಿ ಬಿದ್ದರೂ ದಿನಕ್ಕೆ 1,440 ಹನಿ, ಅಂದರೆ ಸುಮಾರು 58 ಮಿಲಿಲೀಟರ್. ಜೀಪಿನಂತಹ ವಾಹನದ ಹಿಂದಿನ ಅಚ್ಚಿನಲ್ಲಿ ಹಿಡಿಯುವ ಎಣ್ಣೆ ಸಾಮಾನ್ಯವಾಗಿ ಒಂದರಿಂದ ಎರಡು ಲೀಟರ್. ಒಂದೂವರೆ ಲೀಟರ್ ಇದ್ದರೆ ಒಂದು ತಿಂಗಳೊಳಗೆ ಅಚ್ಚು ಬರಿದು. ಬರಿದಾದ ಅಚ್ಚಿಗೆ ಮೇಲಿಂದ ಮೇಲೆ ಎಣ್ಣೆ ಸುರಿಯುತ್ತ ಹೋಗುವವರು ವರ್ಷದಲ್ಲಿ 20 ಲೀಟರಿಗೂ ಹೆಚ್ಚು ಎಣ್ಣೆಯನ್ನು ನೆಲಕ್ಕೆ ಉಣಿಸಿದಂತಾಗುತ್ತದೆ.

ಎಲ್ಲಿ ಸೋರುತ್ತದೆ?

ಎಲ್ಲ ಕಾರುಗಳಿಗೂ ಈ ಮಾತು ಅನ್ವಯಿಸದು. ಇಂದಿನ ಬಹುಪಾಲು ಸಣ್ಣ ಕಾರುಗಳಲ್ಲಿ ಎಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೆ ಹರಿಯುತ್ತದೆ. ಅವುಗಳ ಹಿಂದಿನ ಅಚ್ಚಿನಲ್ಲಿ ಗೇರ್ ಆಯಿಲ್ ಇರುವುದಿಲ್ಲ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್, 2019ರಲ್ಲಿ ನಿಂತ ಓಮ್ನಿ, ಇಂದಿಗೂ ಓಡಾಡುವ ಜೀಪು, ಬೊಲೆರೊ, ಬೀದರ–ಔರಾದ ರಸ್ತೆಯಲ್ಲಿ ಜನರನ್ನು ಹೊತ್ತು ಸಾಗುವ ಕ್ರೂಸರ್ ಇವು ಹಿಂದಿನ ಚಕ್ರದಿಂದ ನೂಕಲ್ಪಡುವ ವಾಹನಗಳು. ಇವುಗಳ ಹಿಂದಿನ ಅಚ್ಚು ಒಂದು ಟೊಳ್ಳಾದ ಉಕ್ಕಿನ ಕವಚ. ನಡುವಿನ ಉಬ್ಬಿದ ಭಾಗದಲ್ಲಿ ಕ್ರೌನ್ ಚಕ್ರ ಮತ್ತು ಪಿನಿಯನ್ ಎಣ್ಣೆಯಲ್ಲಿ ಅರೆ ಮುಳುಗಿ ತಿರುಗುತ್ತವೆ. ಅಲ್ಲಿಂದ ಎರಡು ಬದಿಗೂ ಹೊರಟ ದಂಡಗಳು ಚಕ್ರಗಳನ್ನು ತಿರುಗಿಸುತ್ತವೆ.

ಎಣ್ಣೆ ಹೊರಬರುವ ಎಡೆಗಳು ಮುಖ್ಯವಾಗಿ ನಾಲ್ಕು. ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಪಿನಿಯನ್‌ನ ಮುಂದಿನ ಸೀಲ್. ಎರಡು ಚಕ್ರಗಳ ಒಳಬದಿಯ ಸೀಲ್‌ಗಳು. ನಡುವಿನ ಉಬ್ಬಿನ ಮುಚ್ಚಳದ ಗ್ಯಾಸ್ಕೆಟ್. ಎಣ್ಣೆ ತುಂಬುವ ಮತ್ತು ಇಳಿಸುವ ಬಿರಡೆಗಳು. ಇವಲ್ಲದೆ ಐದನೆಯ ಎಡೆಯೊಂದಿದೆ. ಅಲ್ಲಿ ಎಣ್ಣೆ ಸೋರುವುದಿಲ್ಲ, ಆದರೆ ಅನೇಕ ಸೋರಿಕೆಗಳ ಮೂಲ ಅಲ್ಲಿದೆ. ಅದು ಅಚ್ಚಿನ ಮೇಲುಭಾಗದ ಚಿಕ್ಕ ಗಾಳಿಗಂಡಿ. ಗ್ಯಾರೇಜಿನ ಭಾಷೆಯಲ್ಲಿ ಬ್ರೀದರ್.

ವಾಹನ ಓಡಿದಂತೆ ಅಚ್ಚಿನೊಳಗಿನ ಎಣ್ಣೆಯೂ ಗಾಳಿಯೂ ಬಿಸಿಯಾಗಿ ಹಿಗ್ಗುತ್ತವೆ. ಹಿಗ್ಗಿದ ಗಾಳಿ ಬ್ರೀದರ್ ಮೂಲಕ ಹೊರಗೆ ಹೋಗಬೇಕು. ಭಾಲ್ಕಿಯ ಎರೆಮಣ್ಣಿನ ಕೆಸರೋ ಮಲೆನಾಡಿನ ಕಾಡುದಾರಿಯ ರಾಡಿಯೋ ಅದಕ್ಕೆ ಮೆತ್ತಿಕೊಂಡು ಒಣಗಿದರೆ ಗಾಳಿಗೆ ದಾರಿಯಿಲ್ಲ. ಒಳಗಿನ ಒತ್ತಡ ಎಣ್ಣೆಯನ್ನು ಸೀಲ್‌ನ ಅಂಚಿನಿಂದ ಹೊರನೂಕುತ್ತದೆ. ಅಂತಹ ಸಂದರ್ಭದಲ್ಲಿ ಸೀಲ್ ಬದಲಿಸಿದರೂ ಹೊಸ ಸೀಲ್ ಕೂಡ ಕೆಲವೇ ದಿನಗಳಲ್ಲಿ ಸೋರುತ್ತದೆ. ಕಾರಣವನ್ನು ಬಿಟ್ಟು ಲಕ್ಷಣಕ್ಕೆ ಚಿಕಿತ್ಸೆ ಮಾಡಿದಂತೆ ಇದು. ಬೆಳೆಯ ರೋಗವನ್ನು ಬಲ್ಲ ಕೃಷಿಕರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಮನೆಯಂಗಳದ ದುರಸ್ತಿ

ಮೊದಲ ಕೆಲಸ ಸ್ವಚ್ಛಗೊಳಿಸುವುದು. ಅಚ್ಚಿಗೆ ಮೆತ್ತಿದ ಎಣ್ಣೆ ಮತ್ತು ಮಣ್ಣನ್ನು ಕೆರೆದು, ಹಳೆಯ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಅನುಮಾನದ ಎಡೆಗಳಿಗೆ ಸೀಮೆಸುಣ್ಣದ ಪುಡಿ ಅಥವಾ ಮುಖಕ್ಕೆ ಹಚ್ಚುವ ಪೌಡರ್ ಸಿಂಪಡಿಸಿ ಹತ್ತಾರು ಕಿಲೋಮೀಟರ್ ಓಡಿಸಿ ಬಂದು ನೋಡಿದರೆ, ಎಣ್ಣೆ ಹೊರಟ ಜಾಗದಲ್ಲಿ ಪುಡಿ ಒದ್ದೆಯಾಗಿರುತ್ತದೆ. ರಾತ್ರಿ ವಾಹನದ ಅಡಿಯಲ್ಲಿ ರಟ್ಟಿನ ಹಾಳೆ ಹಾಸಿದರೆ ಹನಿ ಬೀಳುವ ಜಾಗ ತಿಳಿಯುತ್ತದೆ, ಹನಿ ನೆಲಕ್ಕೆ ಸೇರುವುದೂ ತಪ್ಪುತ್ತದೆ.

ಎರಡನೆಯದು ದ್ರವದ ಗುರುತು. ಗೇರ್ ಆಯಿಲ್ ದಪ್ಪವಾಗಿದ್ದು ಗಂಧಕದ ಘಾಟು ವಾಸನೆ ಹೊಂದಿರುತ್ತದೆ. ಚಕ್ರದ ಒಳಬದಿಯಲ್ಲಿ ಕಂಡ ದ್ರವ ತೆಳುವಾಗಿದ್ದು ಆ ಘಾಟು ಇಲ್ಲದಿದ್ದರೆ ಅದು ಬ್ರೇಕ್ ಆಯಿಲ್ ಇರಬಹುದು. ಹಾಗಿದ್ದಲ್ಲಿ ದೋಷ ಅಚ್ಚಿನದಲ್ಲ. ವಾಹನವನ್ನು ರಸ್ತೆಗೆ ಇಳಿಸದೆ ಮೆಕ್ಯಾನಿಕ್‌ನನ್ನು ಕರೆಸಬೇಕು.

ಮೂರನೆಯದು ಬ್ರೀದರ್. ಅದನ್ನು ಬಿಚ್ಚಿ, ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು, ಗಾಳಿ ಸರಾಗವಾಗಿ ಹೋಗುವುದೇ ಎಂದು ಪರೀಕ್ಷಿಸಿ ಮತ್ತೆ ಕೂರಿಸಬೇಕು. ಬಿಚ್ಚುವ ಮುನ್ನ ಸುತ್ತಲಿನ ಮಣ್ಣನ್ನು ಒರೆಸದಿದ್ದರೆ ಅದೇ ಮಣ್ಣು ಅಚ್ಚಿನೊಳಗೆ ಬೀಳುತ್ತದೆ.

ನಾಲ್ಕನೆಯದು ಎಣ್ಣೆಯ ಮಟ್ಟ. ಸಮತಟ್ಟಾದ ನೆಲದಲ್ಲಿ ವಾಹನವನ್ನು ನಿಲ್ಲಿಸಿ ತುಂಬುವ ಬಿರಡೆಯನ್ನು ತೆಗೆದರೆ, ಸಾಮಾನ್ಯವಾಗಿ ಎಣ್ಣೆ ಆ ರಂಧ್ರದ ಕೆಳ ಅಂಚಿನವರೆಗೆ ಇರಬೇಕು. ಹೆಚ್ಚಾದರೂ ಅದು ಸೀಲ್‌ಗಳ ಮೂಲಕ ಹೊರಬರುತ್ತದೆ. ಇಳಿಜಾರಿನ ಅಂಗಳದಲ್ಲಿ ಎಣ್ಣೆ ತುಂಬುವ ಮಲೆನಾಡಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಬಿಸಿಯಾದ ಅಚ್ಚು ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಅಂತಹ ಎಣ್ಣೆಯನ್ನು ಪೂರ್ತಿ ಬದಲಿಸಬೇಕು.

ಎಣ್ಣೆ ಇಳಿಸುವಾಗ ತುಂಬುವ ಬಿರಡೆಯನ್ನು ಮೊದಲು ಸಡಿಲಿಸಿ ನೋಡುವುದು ಜಾಣತನ. ಇಳಿಸುವ ಬಿರಡೆಯನ್ನು ತೆಗೆದ ಮೇಲೆ ತುಂಬುವ ಬಿರಡೆ ಬಿಗಿದುಕೊಂಡು ಬಾರದಿದ್ದರೆ ವಾಹನ ಅಂಗಳದಲ್ಲಿಯೇ ಉಳಿಯುತ್ತದೆ. ಬಿರಡೆಗೆ ಅಯಸ್ಕಾಂತವಿದ್ದರೆ ಅದರ ಮೇಲೆ ನುಣುಪಾದ ಬೂದು ಬಣ್ಣದ ಲೇಪ ಕಾಣುವುದು ಸಹಜ. ಲೋಹದ ಚೂರುಗಳು ಕಂಡರೆ ಹಲ್ಲು ಅಥವಾ ಬೇರಿಂಗ್ ಮುರಿದಿರುವ ಸೂಚನೆ. ಹೊಸ ಎಣ್ಣೆ ಯಾವ ದರ್ಜೆಯದು ಎಂಬುದನ್ನು ವಾಹನದ ಕೈಪಿಡಿಯಲ್ಲಿ ನೋಡಿಯೇ ನಿರ್ಧರಿಸಬೇಕು. ಸೋರದಿರಲೆಂದು ಅಚ್ಚಿನೊಳಗೆ ಗ್ರೀಸ್ ತುರುಕುವ ಉಪಾಯ ಹಾನಿಕರ. ಎಣ್ಣೆಯಂತೆ ಅದು ಚಿಮ್ಮಿ ಎಲ್ಲ ಬೇರಿಂಗ್‌ಗಳನ್ನೂ ತಲುಪದು.

ಬಿರಡೆಯ ವಾಷರ್ ಬದಲಿಸುವುದು, ಮುಚ್ಚಳ ಬಿಚ್ಚುವಂತಿದ್ದಲ್ಲಿ ಅದರ ಗ್ಯಾಸ್ಕೆಟ್ ಬದಲಿಸುವುದು ಇವೂ ಮನೆಯಲ್ಲಿಯೇ ಸಾಧ್ಯ. ಎರಡೂ ಮುಖಗಳ ಮೇಲಿನ ಹಳೆಯ ಗ್ಯಾಸ್ಕೆಟ್ಟಿನ ಅಂಟನ್ನು ಪೂರ್ತಿ ತೆಗೆದು, ಬೋಲ್ಟ್‌ಗಳನ್ನು ಒಂದರ ಎದುರಿಗೆ ಒಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬಂದರೆ ಮುಚ್ಚಳ ಸಮವಾಗಿ ಕೂರುತ್ತದೆ.

ಚಕ್ರದ ಬದಿಯ ಸೀಲ್

ಚಕ್ರದ ಬದಿಯ ಸೀಲ್ ಸೋರಿದರೆ ಎಣ್ಣೆ ಬ್ರೇಕ್ ಡ್ರಮ್ಮಿನೊಳಗೆ ಹೋಗುತ್ತದೆ. ಒಂದು ಚಕ್ರ ಹಿಡಿದು ಇನ್ನೊಂದು ಜಾರುವ ಸ್ಥಿತಿ ಘಟ್ಟದ ತಿರುವಿನಲ್ಲಿ ಏನನ್ನು ತಂದೊಡ್ಡಬಹುದು ಎಂಬುದನ್ನು ಹೇಳಬೇಕಾಗಿಲ್ಲ. ಎಣ್ಣೆ ಕುಡಿದ ಬ್ರೇಕ್ ಶೂಗಳನ್ನು ತೊಳೆದು ಮತ್ತೆ ಬಳಸಬಾರದು; ಎರಡೂ ಬದಿಗೆ ಹೊಸದನ್ನೇ ಹಾಕಬೇಕು.

ಉಪಕರಣಗಳನ್ನು ಬಳಸಿ ಅಭ್ಯಾಸವಿರುವವರು ಈ ಕೆಲಸವನ್ನು ಕೈಗೊಳ್ಳಬಹುದು. ಮೊದಲಿಗೆ ಸುರಕ್ಷತೆ. ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನೇ ಹಿಡಿಯುತ್ತದೆ; ಆ ಚಕ್ರಗಳನ್ನೇ ಮೇಲೆತ್ತಿದಾಗ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ಮುಂದಿನ ಚಕ್ರಗಳ ಎರಡೂ ಬದಿಗೆ ಮರದ ದಿಮ್ಮಿಯ ತುಂಡುಗಳನ್ನು ಒತ್ತಿ ಇಡಬೇಕು. ಜಾಕ್ ಮೇಲೆತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಭಾರವನ್ನು ಉಕ್ಕಿನ ಸ್ಟ್ಯಾಂಡ್‌ಗಳ ಮೇಲೆ ಇಳಿಸಬೇಕು. ಬೀದರಿನಲ್ಲಿಯೂ ಮಲೆನಾಡಿನಲ್ಲಿಯೂ ಕೈಗೆ ಸುಲಭವಾಗಿ ಸಿಗುವುದು ಜಂಬಿಟ್ಟಿಗೆ ಕಲ್ಲು. ಗೋಡೆಯಲ್ಲಿ ಶತಮಾನಗಳ ಕಾಲ ನಿಲ್ಲುವ ಆ ಕಲ್ಲು ಅಚ್ಚಿನ ಒಂದೇ ಬಿಂದುವಿನ ಭಾರಕ್ಕೆ ಒಮ್ಮೆಲೇ ಪುಡಿಯಾಗಬಲ್ಲದು. ಕಲ್ಲು, ಇಟ್ಟಿಗೆಗಳ ಮೇಲೆ ನಿಲ್ಲಿಸಿದ ವಾಹನದ ಅಡಿಗೆ ಯಾರೂ ನುಸುಳಬಾರದು.

ಚಕ್ರವನ್ನೂ ಡ್ರಮ್ಮನ್ನೂ ತೆಗೆದು, ಬೇರಿಂಗ್ ಹಿಡಿದಿರುವ ಬೋಲ್ಟ್‌ಗಳನ್ನು ಬಿಚ್ಚಿ ದಂಡವನ್ನು ಹೊರಗೆಳೆಯುವುದು ಸಾಮಾನ್ಯ ಕ್ರಮ. ಕೆಲವು ವಾಹನಗಳಲ್ಲಿ ದಂಡವನ್ನು ಒಳಗಿನ ಕ್ಲಿಪ್ ಹಿಡಿದಿರುವುದರಿಂದ ನಡುವಿನ ಮುಚ್ಚಳವನ್ನು ತೆರೆಯಬೇಕಾಗುತ್ತದೆ. ಹಳೆಯ ಸೀಲ್ ಎಷ್ಟು ಆಳದಲ್ಲಿತ್ತು ಎಂದು ಗುರುತಿಸಿ ಅದನ್ನು ಮೀಟಿ ತೆಗೆಯಬೇಕು. ದಂಡದ ಮೇಲೆ ಸೀಲ್ ಉಜ್ಜುವ ಜಾಗವನ್ನು ಉಗುರಿನಿಂದ ಸವರಿ ನೋಡಬೇಕು. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲ್ ನಿಲ್ಲದು. ಹೊಸ ಸೀಲ್‌ನ ತುಟಿಗೆ ಗೇರ್ ಆಯಿಲ್ ಸವರಿ, ಸ್ಪ್ರಿಂಗ್ ಇರುವ ಮುಖ ಎಣ್ಣೆಯ ಕಡೆಗೆ ಇರುವಂತೆ ಹಿಡಿದು, ಮರದ ತುಂಡಿನ ಮೂಲಕ ಸುತ್ತಲೂ ಸಮವಾಗಿ ತಟ್ಟಿ ಕೂರಿಸಬೇಕು. ಓರೆಯಾಗಿ ಕುಳಿತ ಸೀಲ್ ಮೊದಲ ದಿನವೇ ಸೋರುತ್ತದೆ.

ಎಲ್ಲಿ ನಿಲ್ಲಬೇಕು ಎಂಬ ತಿಳಿವಳಿಕೆಯೂ ದುರಸ್ತಿಯ ಭಾಗವೇ. ದಂಡಕ್ಕೆ ಒತ್ತಿ ಕೂರಿಸಿದ ಬೇರಿಂಗ್ ಬದಲಿಸಲು ಯಂತ್ರದ ಪ್ರೆಸ್ ಬೇಕು. ಪಿನಿಯನ್‌ನ ಸೀಲ್ ಬದಲಿಸುವಾಗ ಅದರ ನಟ್ಟನ್ನು ನಿಖರ ಬಿಗಿತಕ್ಕೆ ತರಬೇಕು. ಹೆಚ್ಚು ಬಿಗಿದರೆ ಬೇರಿಂಗ್ ಸುಟ್ಟುಹೋಗುತ್ತದೆ, ಕಡಿಮೆಯಾದರೆ ಹಲ್ಲುಗಳು ಸವೆಯುತ್ತವೆ. ಈ ಎರಡು ಕೆಲಸಗಳನ್ನು ಅನುಭವಿ ಮೆಕ್ಯಾನಿಕ್‌ಗೆ ಒಪ್ಪಿಸುವುದೇ ಲೇಸು.

ಇಳಿಸಿದ ಎಣ್ಣೆ ಎಲ್ಲಿಗೆ?

ಸೋರಿಕೆಯನ್ನು ನಿಲ್ಲಿಸಿ ಇಳಿಸಿದ ಎಣ್ಣೆಯನ್ನು ಬೇಲಿಯ ಬುಡಕ್ಕೆ ಸುರಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ; ತಿಂಗಳು ಪೂರ್ತಿ ಸೋರುತ್ತಿದ್ದುದನ್ನು ಒಂದೇ ಗಳಿಗೆಯಲ್ಲಿ ಸುರಿದಂತಾಗುತ್ತದೆ. ಗೆದ್ದಲು ಬಾರದಿರಲೆಂದು ಬೇಲಿಗೂಟಕ್ಕೆ ಬಳಿಯುವುದು, ಧೂಳು ಅಡಗಲೆಂದು ಅಂಗಳಕ್ಕೆ ಚಿಮುಕಿಸುವುದು, ಒಲೆಗೆ ಹಾಕಿ ಸುಡುವುದು ನಮ್ಮ ಹಳ್ಳಿಗಳಲ್ಲಿ ರೂಢಿಯಲ್ಲಿವೆ. ಮೊದಲ ಎರಡರಿಂದ ಮಳೆಯ ನೀರಿನೊಡನೆ ಎಣ್ಣೆ ಒರತೆಗೆ ಸಾಗುತ್ತದೆ. ಮೂರನೆಯದರಿಂದ ಅಡುಗೆಮನೆಯ ಗಾಳಿ ಕೆಡುತ್ತದೆ.

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸುತ್ತವೆ. 2023ರ ತಿದ್ದುಪಡಿಯು, ಮಾರಿದ ಎಣ್ಣೆಯ ಒಂದು ಪಾಲನ್ನು ಮರುಸಂಸ್ಕರಣೆಗೆ ತರುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿದೆ. ಅದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಬಳಸಿದ ಎಣ್ಣೆಯನ್ನು ಶುದ್ಧೀಕರಿಸಿ ಮತ್ತೆ ಎಣ್ಣೆಯನ್ನಾಗಿ ಮಾಡಬಹುದು ಎಂಬುದೇ ಇದಕ್ಕೆ ಆಧಾರ. ಆದರೆ ಒಂದೂವರೆ ಲೀಟರ್ ಎಣ್ಣೆಗಾಗಿ ಅಧಿಕೃತ ಮರುಸಂಸ್ಕರಣೆಗಾರರು ಔರಾದಿನ ಹಳ್ಳಿಗಾಗಲಿ ಪಶ್ಚಿಮ ಘಟ್ಟದ ಹಳ್ಳಿಗಾಗಲಿ ಬರಲಾರರು. ಇಲ್ಲಿ ಸಾಮೂಹಿಕ ಪ್ರಯತ್ನ ಬೇಕು. ಪ್ರತಿ ಮನೆಯವರು ಎಣ್ಣೆಯನ್ನು ಮುಚ್ಚಳವಿರುವ ಡಬ್ಬಿಯಲ್ಲಿ, ನೀರು, ಪೆಟ್ರೋಲ್, ಬ್ರೇಕ್ ಆಯಿಲ್ ಬೆರೆಸದೆ ಕೂಡಿಡಬೇಕು. ಸಹಕಾರ ಸಂಘವೋ ಗ್ರಾಮ ಪಂಚಾಯಿತಿಯೋ ಸೂರಿನಡಿಯಲ್ಲಿ, ಸಿಮೆಂಟ್ ನೆಲದ ಮೇಲೆ ಒಂದು ಬ್ಯಾರಲ್ ಇರಿಸಿ, ಅದು ತುಂಬಿದಾಗ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದವರಿಗೆ ಒಪ್ಪಿಸಿ ದಾಖಲೆ ಇಡಬೇಕು. ನೆಲಕ್ಕೆ ಚೆಲ್ಲಿದ ಎಣ್ಣೆಯ ಮೇಲೆ ಒಣಗಿದ ಮರದ ಹೊಟ್ಟು ಹರಡಿ, ಹೀರಿದ ಮೇಲೆ ಚೀಲಕ್ಕೆ ತುಂಬಿ ಬೇರೆಯಾಗಿ ಇಡಬೇಕು. ಅದನ್ನು ಗೊಬ್ಬರದ ಗುಂಡಿಗೆ ಹಾಕಬಾರದು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೆಲಸ. ನಿಮ್ಮ ಊರಿನ ಪ್ರತಿ ವಾಹನದ ಅಡಿಯಲ್ಲಿ ಒಂದು ರಾತ್ರಿ ರಟ್ಟಿನ ಹಾಳೆ ಹಾಸಿ. ಬೆಳಿಗ್ಗೆ ಹನಿಗಳನ್ನು ಎಣಿಸಿ, ಯಾವ ಎಡೆಯಿಂದ ಬಿದ್ದವು ಎಂದು ಬರೆದಿಡಿ. ಊರಿನ ಬಾವಿ, ಕೆರೆ, ಒರತೆ, ಸುರಂಗಗಳು ಎಲ್ಲಿವೆ ಎಂಬ ನಕ್ಷೆಯನ್ನು ಅದರ ಪಕ್ಕದಲ್ಲಿಡಿ. ಗ್ರಾಮಸಭೆಯಲ್ಲಿ ಆ ಎರಡು ಹಾಳೆಗಳನ್ನು ಹಿರಿಯರ ಮುಂದೆ ಹರಡಿ, ಬ್ಯಾರಲ್ ಎಲ್ಲಿಡೋಣ ಎಂದು ಕೇಳಿ. ವಾಹನದ ಒಡೆಯರಲ್ಲಿ ಕೆಲವರಾದರೂ ಅಂದೇ ಬ್ರೀದರ್ ಬಿಚ್ಚಿ ತೊಳೆದರೆ, ಒಂದು ತಿಂಗಳ ನಂತರ ಮತ್ತೆ ಹಾಸಿದ ಹಾಳೆಯಲ್ಲಿ ಅದರ ಫಲ ಕಾಣುತ್ತದೆ.